ಹುಳದ ಮೇಲಿನ ಆಣೆ, ತಂಗಿ ಕಳಿಸಿದ ಫೋನು

ಜಂಗಮಕೋಟೆ
12-8-2025

ಶ್ರೀಮತಿ ಅನಸೂಯಮ್ಮನವರಿಗೆ,

ವರಮಹಾಲಕ್ಷ್ಮಿ ಹಬ್ಬದ ದಿನ ತಮ್ಮ ಮಗಳು ಹರಿತಾ ಬಂದು ಅರಿಶಿನ ಕುಂಕುಮದ ತಟ್ಟೆ ಕೊಟ್ಟು ಹೋದಳು. ಬ್ಲೌಸ್ ಪೀಸಿನ ಕೆಳಗೆ ಒಂದು ಡಬ್ಬಿ ಇತ್ತು. ಸೋಪಿನ ಡಬ್ಬಿ ಎಂದುಕೊಂಡು ಬಚ್ಚಲಿಗೆ ಒಯ್ದಿದ್ದೆ. ಬಿಚ್ಚಿ ನೋಡಿದರೆ ಬೆರಳಲ್ಲಿ ಸವರುವ ಫೋನು. ಸದ್ಯ, ನೀರು ಹಾಕಿರಲಿಲ್ಲ.

ನಾನು ತಮ್ಮ ಜೊತೆ ಮಾತಾಡುವುದಿಲ್ಲ ಎಂದು ಗೊತ್ತಿದ್ದೂ ಫೋನು ಕಳಿಸುವುದು ಎಂಥ ಬುದ್ಧಿವಂತಿಕೆ? ಮೂರು ವರ್ಷದ ಹಿಂದೆ ನನ್ನ ಮನೆಗೆ ಬಂದು, ಇನ್ನೆರಡು ದಿನದಲ್ಲಿ ಗೂಡು ಕಟ್ಟಬೇಕಿದ್ದ ನನ್ನ ರೇಷ್ಮೆ ಹುಳಗಳ ಪಕ್ಕದಲ್ಲೇ ಸೊಳ್ಳೆ ಬತ್ತಿ ಹಚ್ಚಿ, ಇಡೀ ಬೆಳೆಯನ್ನು ತಿಪ್ಪೆಗೆ ಸೇರಿಸಿದವರು ತಾವು. ಆ ಹೊಗೆ ಹುಳಕ್ಕೆ ವಿಷ ಎಂದು ನಮ್ಮೂರಿನ ಕೂಸಿಗೂ ಗೊತ್ತು. ಹುಳ ಸಾಕುವ ಮನೆಯಲ್ಲೇ ಹುಟ್ಟಿದ ಟೀಚರಮ್ಮನಿಗೆ ಗೊತ್ತಿರಲಿಲ್ಲವೇ? ಬೆಳಿಗ್ಗೆ ಕೇಳಿದರೆ "ನಾನೇ ಹಚ್ಚಿದ್ದು" ಎಂದಿರಿ, ಅಷ್ಟೇ. ಹುಳದ ಮನೆಯ ಬಾಗಿಲು ಹಿಡಿದು ನಾನು ಅಂದದ್ದು ನೆನಪಿದೆ ತಾನೆ? "ಇನ್ನು ಇವಳ ಜತೆ ಒಂದು ಮಾತಾಡಿದ್ರೂ ನನ್ ಹುಳ ನನ್ ಕೈಗೆ ಹತ್ತದೆ ಹೋಗ್ಲಿ." ಆಮೇಲೆ ಇಪ್ಪತ್ತಕ್ಕೂ ಹೆಚ್ಚು ಬೆಳೆ ತೆಗೆದಿದ್ದೇನೆ, ಒಂದೂ ಕೆಟ್ಟಿಲ್ಲ. ಆದ್ದರಿಂದ ಆಣೆ ಮುರಿಯುವ ಮಾತೇ ಇಲ್ಲ.

ಬರೆಯುವುದಿಲ್ಲ ಎಂದು ಆಣೆ ಇಟ್ಟಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ತಂಗಿಗೆ ಬಹುವಚನ ಹಾಕಿ ಹಾಕಿ ಕೈ ನೋಯುತ್ತಿದೆ, ಇಲ್ಲಿಂದ ಏಕವಚನ.

ಫೋನು ವಾಪಸ್ಸು ಕಳಿಸೋಣ ಎಂದೇ ಇದ್ದೆ. ಆದರೆ ಅದರಲ್ಲಿ ಟಾರ್ಚ್ ಇದೆ ಎಂದು ಪಕ್ಕದ ಬಯ್ಯಪ್ಪನ ಸೊಸೆ ತೋರಿಸಿದಳು. ರ್‍ಯಾಕಿನ ಕೆಳಗೆ ಇರುವೆ ಹತ್ತಿದೆಯೇ ಎಂದು ನೋಡಲು ಇಷ್ಟು ಒಳ್ಳೆಯ ಬೆಳಕು ನಾನು ಕಂಡಿರಲಿಲ್ಲ. ಇರಲಿ, ಇರುವೆ ಕಾಲ ಮುಗಿಯಲಿ ಎಂದು ಇಟ್ಟುಕೊಂಡೆ. ನಿನ್ನೆ ಕ್ಯಾಮರಾದಲ್ಲಿ ಎರಡು ಬೆರಳು ಅಗಲಿಸಿ ಒಂದು ಹುಳವನ್ನು ದೊಡ್ಡದು ಮಾಡಿ ನೋಡಿದೆ. ಮೂವತ್ತೆಂಟು ವರ್ಷದಿಂದ ಸಾಕುತ್ತಿದ್ದೇನೆ, ಅದಕ್ಕೊಂದು ಮುಖ ಇದೆ ಎಂದು ಈಗ ಗೊತ್ತಾಯಿತು. ಸೊಪ್ಪು ತಿನ್ನುವಾಗ ಥೇಟು ನಿನ್ನ ಭಾವನ ಹಾಗೆಯೇ ಯಾರನ್ನೂ ನೋಡುವುದಿಲ್ಲ.

ನಿನ್ನ ಭಾವನಿಗೂ ನನಗೂ ಈ ಫೋನಿನಿಂದ ಮೂರು ದಿನ ಮಾತು ಬಿಟ್ಟುಹೋಗಿತ್ತು. ನಮ್ಮಲ್ಲಿ ಮಾತು ಬಿಟ್ಟರೆ ಏನು ಮಾಡುತ್ತೇವೆ ಎಂದು ನಿನಗೆ ಗೊತ್ತು, ಹಸುವಿಗೆ ಹೇಳುತ್ತೇವೆ. "ಗೌರೀ, ಊಟಕ್ಕೆ ಬರ್ಬೇಕಂತೆ ಅಂತ ಹೇಳಮ್ಮ" ಎಂದು ನಾನು, "ಗೌರೀ, ಫೋನ್ ನೋಡೋದು ಮುಗೀತಾ ಕೇಳಮ್ಮ" ಎಂದು ಅವರು. ಪಾಪ, ಗೌರಿ ಸುಮ್ಮನೆ ಮೆಲುಕು ಹಾಕುತ್ತಿತ್ತು.

ಇಂತಿ,
ಲಕ್ಷ್ಮಿದೇವಮ್ಮ
(ಕೋನಪ್ಪನವರ ಹೆಂಡತಿ)


ಗೌರಿಬಿದನೂರು
19-8-2025

ಅಕ್ಕ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಮೂವತ್ತು ವರ್ಷ ಮಕ್ಕಳ ಪುಸ್ತಕ ತಿದ್ದಿದ ಕೈ, ಕೆಂಪು ಪೆನ್ನು ಹುಡುಕಲಿಲ್ಲ ಎನ್ನುವುದೇ ದೊಡ್ಡದು.

ಒಂದು ತಪ್ಪು ಒಪ್ಪಿಕೊಳ್ಳಬೇಕು. ಹರಿತಾ ಬ್ಯಾಂಕಿಗೆ ಹೋಗಿದ್ದಾಗ ಆ ಫೋನನ್ನು ನಾನೇ ಸಿದ್ಧ ಮಾಡಿದೆ. ಅದು ಕೇಳಿದಲ್ಲೆಲ್ಲ ನನ್ನ ಹೆಸರು, ನನ್ನ ಖಾತೆ ಹಾಕಿಬಿಟ್ಟಿದ್ದೇನೆ. ಈಗ ನೀನು ಅಲ್ಲಿ ತೆಗೆದ ಫೋಟೋ ಎಲ್ಲ ಇಲ್ಲಿ ನನ್ನ ಫೋನಿಗೂ ಬಂದು ಕೂರುತ್ತಿದೆ. ನಾನು ತೆಗೆದದ್ದು, ಹಿಂದೆ ತೆಗೆದದ್ದು ಎಲ್ಲ ನಿನಗೂ ಕಾಣುತ್ತದೆ. ಹರಿತಾ ಬೈದಳು. ಸರಿಮಾಡಲು ಐದು ನಿಮಿಷ ಸಾಕಂತೆ. ನಾನು ಬೇಡ ಎಂದೆ.

ಯಾಕೆ ಬೇಡ ಎಂದರೆ, ನಿನ್ನೆ ಒಂದೇ ದಿನ ಅರವತ್ತೊಂದು ಫೋಟೋ ಬಂದವು. ಅರ್ಧ ಹುಳ, ಒಂಬತ್ತು ನಿನ್ನ ಹೆಬ್ಬೆರಳು, ನಾಲ್ಕು ಭಾವನ ಬೆನ್ನು. ಒಂದರಲ್ಲಿ ನಿನ್ನ ಪಾದ ಇತ್ತು. ಹಿಮ್ಮಡಿ ಒಡೆದಿದೆ, ರಾತ್ರಿ ಹರಳೆಣ್ಣೆ ಹಚ್ಚಿಕೋ. ಮೂರು ವರ್ಷದ ಮೇಲೆ ನಾನು ನೋಡಿದ್ದು ನಿನ್ನ ಕಾಲನ್ನೇ, ಅದಕ್ಕೂ ನನಗೆ ಎಷ್ಟು ಖುಷಿಯಾಯಿತು ಎಂದರೆ ಒಬ್ಬಳೇ ಕೂತು ನಕ್ಕೆ.

ಫೋನಿನಲ್ಲಿ ಮೋಡದ ಚಿತ್ರ ಇರುವುದನ್ನು ಒತ್ತು, ಮಳೆ ಎಷ್ಟು ಹೊತ್ತಿಗೆ ಎಂದು ಹೇಳುತ್ತದೆ. ಪಾದದ ಚಿತ್ರ ಇರುವುದು ದಿನಕ್ಕೆ ಎಷ್ಟು ಹೆಜ್ಜೆ ಹಾಕಿದೆ ಎಂದು ಎಣಿಸುತ್ತದೆ. ಅಕ್ಷರದ ಮಣೆಯ ಮೂಲೆಯಲ್ಲಿ ಮೈಕಿನ ಚಿತ್ರ ಇದೆ. ಅದನ್ನು ಒತ್ತಿ ಮಾತಾಡಿದರೆ ತಾನೇ ಕನ್ನಡದಲ್ಲಿ ಬರೆದುಕೊಳ್ಳುತ್ತದೆ. ಹೆದರಬೇಡ, ಒತ್ತಿದರೆ ಯಾವುದೂ ಒಡೆಯುವುದಿಲ್ಲ.

ಆ ಬತ್ತಿಯ ವಿಷಯಕ್ಕೆ ನಾನು ಹೊಸದಾಗಿ ಹೇಳುವುದು ಏನೂ ಇಲ್ಲ. ಹಚ್ಚಿದವಳು ನಾನೇ.

ನಿನ್ನ
ಅನಸೂಯ


ಜಂಗಮಕೋಟೆ
14-9-2025

ಅನಸೂಯಾ,

ಒಡೆಯುವುದಿಲ್ಲ ಎಂದೆಯಲ್ಲ, ಅದಕ್ಕೇ ಎಲ್ಲವನ್ನೂ ಒತ್ತಿ ನೋಡಿದೆ. ಎರಡು ದಿನ ಅದರ ಮಾತೆಲ್ಲ ಬೇರೆ ಯಾವುದೋ ಭಾಷೆಗೆ ಹೋಗಿತ್ತು. ಪಕ್ಕದ ಬಯ್ಯಪ್ಪನ ಸೊಸೆ ಬಂದು ಕನ್ನಡಕ್ಕೆ ಕರೆದುಕೊಂಡು ಬಂದಳು.

ಮೋಡದ ಚಿತ್ರಕ್ಕೆ ನನ್ನ ನಮಸ್ಕಾರ. ಹೋದ ಮಂಗಳವಾರ ಬಿಸಿಲು ಸುಡುತ್ತಿತ್ತು. ಮೂರು ಗಂಟೆಗೆ ಮಳೆ ಎಂದಿತು. ಒದ್ದೆ ಸೊಪ್ಪು ಹಾಕಿದರೆ ಹುಳಕ್ಕೆ ರೋಗ, ನಿನಗೆ ಗೊತ್ತಲ್ಲ. ನಾನು ಹನ್ನೆರಡಕ್ಕೇ ತೋಟಕ್ಕೆ ಇಳಿದು ಸೊಪ್ಪು ಕೊಯ್ದೆ. ಊರೆಲ್ಲ ನಕ್ಕಿತು. ನಿನ್ನ ಭಾವ ಗೌರಿಗೆ, "ಇವಳಿಗೆ ಫೋನ್ ಪೂರ್ತಿ ತಲೆಗೇರ್ತು ಕಣಮ್ಮ" ಎಂದರು. ಮೂರೂ ಹತ್ತಕ್ಕೆ ಸುರಿಯಿತು ನೋಡು! ಸಂಜೆ ಊರಲ್ಲಿ ಒದ್ದೆಯಾಗದ ಸೊಪ್ಪು ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಈಗ ದಿನಾ ಬೆಳಿಗ್ಗೆ ನಾಲ್ಕು ಜನ ಗೇಟಿನ ಹತ್ತಿರ ನಿಂತು, "ಲಕ್ಷ್ಮಿದೇವಮ್ಮಾ, ಇವತ್ತು ಹೆಂಗಂತೆ?" ಎಂದು ಕೇಳಿಕೊಂಡು ಹೋಗುತ್ತಾರೆ. ನಾನೂ ಸ್ವಲ್ಪ ಕಾಯಿಸಿಯೇ ಹೇಳುತ್ತೇನೆ.

ಹೆಜ್ಜೆಯ ಲೆಕ್ಕ ನೋಡಿ ಮಾತ್ರ ಬೆರಗಾದೆ. ಗೇಟು ದಾಟದೆ ಒಂದು ದಿನಕ್ಕೆ ಹನ್ನೊಂದು ಸಾವಿರದ ನಾನೂರು ಹೆಜ್ಜೆ! ಹುಳದ ಮನೆ, ಕೊಟ್ಟಿಗೆ, ಒಲೆ, ಮತ್ತೆ ಹುಳದ ಮನೆ. ಸಂಜೆ ಫೋನು ಬಣ್ಣಬಣ್ಣದ ಕಾಗದ ಉದುರಿಸಿ "ಅಭಿನಂದನೆಗಳು" ಎಂದಿತು. ಮದುವೆಯಾಗಿ ಬಂದಾಗಿನಿಂದ ಇದೇ ನಡಿಗೆ, ಹಾಗೆ ಅಂದದ್ದು ಇದೊಂದೇ.

ಮೈಕೂ ಒತ್ತಿದೆ. ಏನು ಹೇಳುವುದು ಎಂದು ಯೋಚಿಸುವಷ್ಟರಲ್ಲಿ ಗೌರಿ ಮೇವಿನ ಬುಟ್ಟಿಗೆ ಬಾಯಿ ಹಾಕಿತು. "ಗೌರೀ, ಅತ್ತಾಗ್ ಸರಿ" ಎಂದೆ. ಅದನ್ನೂ ಬರೆದುಕೊಂಡಿತು. ನಿನ್ನ ಭಾವ ಹಿಂದಿನಿಂದ ಬೈದದ್ದನ್ನೂ ಬರೆದುಕೊಂಡಿತು. ಯಾರು ಅಂದರು ಎನ್ನುವ ಗೊಡವೆ ಅದಕ್ಕಿಲ್ಲ, ಕಿವಿಗೆ ಬಿದ್ದದ್ದೆಲ್ಲ ಬರೆಯುತ್ತದೆ.

ನಿನ್ನ ಫೋಟೋಗಳನ್ನೂ ನೋಡಿದೆ. ಬಾಗಿಲಿಗೆ ಹಸಿರು ಬಣ್ಣ ಯಾಕೆ ಹೊಡೆಸಿದೆ? ಆಸ್ಪತ್ರೆ ಬಾಗಿಲ ಹಾಗಿದೆ. ಇನ್ನೊಂದು, ಈಚೆಗೆ ತೆಗೆದದ್ದೆಲ್ಲ ಮಸುಕು ಮಸುಕು. ನನ್ನ ಹೆಬ್ಬೆರಳೇ ನಿನ್ನ ದಾಸವಾಳಕ್ಕಿಂತ ಚೆನ್ನಾಗಿ ಬಂದಿದೆ. ಕೈ ನಡುಗುತ್ತದೆಯೇ? ಮುಚ್ಚಿಡದೆ ಬರೆ.

ಲಕ್ಷ್ಮಿದೇವಮ್ಮ


ಗೌರಿಬಿದನೂರು
25-9-2025

ಅಕ್ಕ,

ಕೈ ನಡುಗುತ್ತಿಲ್ಲ, ಕಣ್ಣಿಗೆ ಪೊರೆ ಬಂದಿದೆ. ಫೋಟೋ ಮಸುಕಾಗಿದೆ ಎಂದು ನೀನು ಬರೆದ ಮೇಲೇ ನನಗೆ ಗೊತ್ತಾದದ್ದು. ನನ್ನ ಕಣ್ಣಿಗೆ ದಾಸವಾಳವೂ ಹಾಗೆಯೇ ಕಾಣುತ್ತಿತ್ತು, ಫೋಟೋವೂ ಹಾಗೆಯೇ ಕಾಣುತ್ತಿತ್ತು. ಬಾಗಿಲಿನ ಬಣ್ಣ ನೀಲಿ ಎಂದುಕೊಂಡೇ ಆರಿಸಿದ್ದೆ.

ನವೆಂಬರ್ ಆರಕ್ಕೆ ಚಿಕ್ಕಬಳ್ಳಾಪುರದಲ್ಲಿ ಆಪರೇಷನ್. ಹೆದರುವಂಥದ್ದೇನೂ ಇಲ್ಲ, ಅದೇ ದಿನ ಮನೆಗೆ ಕಳಿಸುತ್ತಾರೆ. ಆಮೇಲೆ ಕೆಲವು ವಾರ ಓದಬಾರದು, ಬರೆಯಬಾರದು ಎಂದಿದ್ದಾರೆ. ನನ್ನ ಚಿಂತೆ ಅಷ್ಟೇ. ಈಗ ತಾನೇ ನಿನ್ನ ಕಾಗದ ಬರತೊಡಗಿವೆ.

ಹರಿತಾ ಓದಿ ಹೇಳುತ್ತೇನೆ ಎನ್ನುತ್ತಾಳೆ. ನೀನು ನನ್ನನ್ನು ಬೈದದ್ದನ್ನು ಮಗಳ ಬಾಯಲ್ಲಿ ಕೇಳುವುದಕ್ಕೆ ನನಗೆ ಒಪ್ಪಿಗೆಯಿಲ್ಲ. ನೀನು ಮೈಕಿಗೆ ಹೇಳಿ ಬರೆಸಿ ಕಳಿಸಿದರೆ, ನನ್ನ ಫೋನು ಅದನ್ನು ಗಟ್ಟಿಯಾಗಿ ಓದುತ್ತದೆ. ಹೇಗಿರುತ್ತದೆ ಎಂದು ನಿನ್ನ ಹಳೆಯ ಕಾಗದದ ನಾಲ್ಕು ಸಾಲು ಹಾಕಿ ಓದಿಸಿದೆ. ಯಾರೋ ಹೆಂಗಸು ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿನ ಹೊತ್ತು ಹೇಳಿದ ಹಾಗೆ, "ಇಡೀ ಬೆಳೆಯನ್ನು ತಿಪ್ಪೆಗೆ ಸೇರಿಸಿದವರು ತಾವು" ಎಂದಳು. ನಗು ಬಂತು, ಆಮೇಲೆ ಅಳುವೂ ಬಂತು.

ನನಗೆ ನಿನ್ನ ದನಿ ಕೇಳಬೇಕು ಅನಿಸುತ್ತದೆ ಅಕ್ಕ. ಅಮ್ಮ ಹೋದ ಮೇಲೆ ನನ್ನನ್ನು "ಅನಸೂ" ಎನ್ನುವವಳು ನೀನೊಬ್ಬಳೇ. ನಿನ್ನ ಬೆಳೆಗೆ ತೊಂದರೆಯಾಗಲಿ ಎಂದು ಕೇಳುತ್ತಿಲ್ಲ. ಒಮ್ಮೆ ಕೆಡಿಸಿದವಳು ಎರಡನೇ ಸಲ ಕೇಳುವ ಬಾಯಿಯೂ ನನಗಿಲ್ಲ. ಅನಿಸಿದ್ದನ್ನು ಬರೆದೆ, ಅಷ್ಟೇ.

ನಿನ್ನ
ಅನಸೂಯ


ಜಂಗಮಕೋಟೆ
12-10-2025

ಅನಸೂ,

ನಿನ್ನೆ ಬೆಳಿಗ್ಗೆ ಹಾಲು ಕರೆದು ಬಂದು ಫೋನು ನೋಡಿದರೆ, ಅದು ತಾನಾಗಿಯೇ "ಮೂರು ವರ್ಷದ ಹಿಂದೆ ಈ ದಿನ" ಎಂದು ಒಂದು ಫೋಟೋ ತೋರಿಸುತ್ತಿತ್ತು. ನಾನು ತೆಗೆದದ್ದಲ್ಲ, ನೀನು ತೆಗೆದದ್ದು. ಹುಳದ ಮನೆಯ ಬಾಗಿಲ ಪಕ್ಕದ ಮಂಚದಲ್ಲಿ ನಾನು ಬಾಯಿ ತೆರೆದುಕೊಂಡು ಮಲಗಿದ್ದೇನೆ. ಹಣೆ ಮೇಲೆ ಒದ್ದೆ ಬಟ್ಟೆ. ಆ ಜ್ವರ ನೆನಪಿದೆ, ಮೂರು ದಿನ ಮೈಮೇಲೆ ಪ್ರಜ್ಞೆ ಇರಲಿಲ್ಲ. ಹುಳ ಸೊಪ್ಪು ತಿನ್ನುವ ಸದ್ದು ಕೇಳದೆ ನನಗೆ ನಿದ್ದೆ ಬರುವುದಿಲ್ಲ ಎಂದು ಹಟ ಹಿಡಿದು ಮಂಚವನ್ನು ಅಲ್ಲಿ ಹಾಕಿಸಿಕೊಂಡವಳು ನಾನೇ.

ಮಂಚದ ಕೆಳಗೆ ಏನೋ ಕೆಂಪಗೆ ಕಂಡಿತು. ಹುಳದ ಮುಖ ನೋಡಿದ ಹಾಗೆಯೇ ಎರಡು ಬೆರಳಲ್ಲಿ ದೊಡ್ಡದು ಮಾಡಿದೆ. ಸೊಳ್ಳೆ ಬತ್ತಿ. ನನ್ನ ತಲೆಯ ನೇರಕ್ಕೆ, ನನ್ನ ಮಂಚದ ಕೆಳಗೆ. ನಿನ್ನ ಚಾಪೆ ದೂರದಲ್ಲಿ ಗೋಡೆಯ ಹತ್ತಿರ ಮಡಿಸಿಟ್ಟ ಹಾಗೆಯೇ ಇದೆ. ನೀನು ಅವತ್ತು ಮಲಗೇ ಇರಲಿಲ್ಲ.

ಪಟ್ಟಣದ ಸುಖಕ್ಕೆ ಬಿದ್ದವಳು, ತನ್ನ ಮೈಗೆ ಸೊಳ್ಳೆ ಕಚ್ಚಿತೆಂದು ನನ್ನ ಹುಳ ಸಾಯಿಸಿದಳು ಎಂದು ನಾನು ಮೂರು ವರ್ಷ ಹೇಳಿಕೊಂಡು ತಿರುಗಿದೆ. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲೂ ಹೇಳಿದೆ. ಒಂದು ಸಲ, ಒಂದೇ ಸಲ, "ಅಕ್ಕಾ, ನಿನಗೋಸ್ಕರ ಹಚ್ಚಿದೆ" ಎನ್ನಲು ನಿನಗೇನಾಗಿತ್ತು? ಮಕ್ಕಳಿಗೆ ಮೂವತ್ತು ವರ್ಷ ಬಾಯಿ ಬಿಟ್ಟು ಹೇಳು ಎಂದು ಕಲಿಸಿದವಳು ನೀನು.

ಆ ಫೋಟೋ ನೋಡಿದಾಗಿನಿಂದ ನನಗೆ ಒಂದು ಕೆಲಸವೂ ಸರಿಹೋಗುತ್ತಿಲ್ಲ. ಸೊಪ್ಪು ಹಾಕುವುದನ್ನೂ ನಿನ್ನ ಭಾವನಿಗೇ ಬಿಟ್ಟೆ, ನಿನ್ನೆ ನಾನೂರು ಹೆಜ್ಜೆಯೂ ಹಾಕಿಲ್ಲ. ಎದ್ದು ನಡೆಯಿರಿ ಎಂದು ಫೋನು ಎರಡು ಸಲ ಹೇಳಿತು, ಏಳಲಿಲ್ಲ. ನಿನ್ನ ನಂಬರಿನ ಮೇಲೆ ಬೆರಳಿಟ್ಟು ತೆಗೆದೆ. ಒಳಗೆ ಹುಳ ಇದ್ದಾವೆ ಅನಸೂ, ಮೂರು ದಿನದಲ್ಲಿ ಗೂಡು ಕಟ್ಟುತ್ತವೆ. ಮಾತಾಡಿ ಅವಕ್ಕೇನಾದರೂ ಆದರೆ ಎಂದು ಭಯ. ಇದು ಮೂಢತನ ಎಂದು ನೀನು ಹೇಳುತ್ತೀಯ. ಇರಬಹುದು. ಆದರೆ ಬಾಗಿಲು ಹಿಡಿದು ಹೇಳಿದ ಮಾತು ಅದು.

ನಿನ್ನ
ಅಕ್ಕ


ಗೌರಿಬಿದನೂರು
18-10-2025

ಅಕ್ಕ,

ಆ ಫೋಟೋ ತೆಗೆದದ್ದು ಹರಿತಾಳಿಗೆ ಕಳಿಸಲು, ದೊಡ್ಡಮ್ಮ ಕೊನೆಗೂ ನಿದ್ದೆ ಹೋದಳು ಎಂದು ಹೇಳಲು. ಬತ್ತಿ ಅದರಲ್ಲಿ ಬಿದ್ದಿದೆ ಎಂದು ನಾನೇ ನೋಡಿರಲಿಲ್ಲ.

ಸೊಳ್ಳೆಗಳು ನಿನ್ನ ಮುಖದ ಮೇಲೆ ಗುಂಪಾಗಿ ಕೂತಿದ್ದವು. ಬೀಸಿ ಬೀಸಿ ಕೈ ಸೋತಿತು. ಒಂದು ಗಂಟೆ ಹಚ್ಚಿ ಆರಿಸೋಣ, ಬಾಗಿಲು ಮುಚ್ಚಿದೆಯಲ್ಲ ಎಂದುಕೊಂಡೆ. ಬಾಗಿಲ ಕೆಳಗಿನ ಸಂದು ನೆನಪಾಗಲಿಲ್ಲ. ತಪ್ಪು ನನ್ನದೇ.

ನಿನಗಾಗಿ ಹಚ್ಚಿದೆ ಎಂದಿದ್ದರೆ, ನಿನ್ನಿಂದಲೇ ನಿನ್ನ ಹುಳ ಹೋಯಿತು ಎಂದ ಹಾಗಾಗುತ್ತಿತ್ತು. ನೆಟ್ಟಗೆ ಎದ್ದು ನಿಲ್ಲಲೂ ಆಗದವಳ ಮೇಲೆ ಅದನ್ನು ಹೊರಿಸಲೇ? ನನ್ನ ಮೇಲಿನ ಸಿಟ್ಟಿನಲ್ಲಾದರೂ ನೀನು ಎದ್ದು ಓಡಾಡಿದೆ. ಸಿಟ್ಟು ಒಂದು ತಿಂಗಳು ಇರುತ್ತದೆ ಎಂದುಕೊಂಡಿದ್ದೆ, ಮೂರು ವರ್ಷ ಹಿಡಿಯುತ್ತದೆ ಎಂದು ಗೊತ್ತಿರಲಿಲ್ಲ.

ಆಣೆಗೆ ಹೆದರಬೇಡ ಎಂದು ನಾನು ಹೇಳುವುದಿಲ್ಲ. ನೀನು ನಿನ್ನ ಹುಳ ನೋಡಿಕೋ. ಅಕ್ಷರಗಳು ಒಂದರ ಮೇಲೊಂದು ಏರುತ್ತಿವೆ. ಆಪರೇಷನ್ನಿಗೆ ಮುಂಚೆ ಇದೇ ನನ್ನ ಕೊನೆಯ ಕಾಗದ.

ನಿನ್ನ
ಅನಸೂ


ಜಂಗಮಕೋಟೆ
1-11-2025

ಅನಸೂ,

ಇದನ್ನು ಆರನೇ ತಾರೀಕಿನ ಒಳಗೆ ಓದಿಕೋ.

ಬೆಳೆ ಚೆನ್ನಾಗಿ ಬಂತು. ಗೂಡು ಮಾರ್ಕೆಟ್ಟಿಗೆ ಹೋಯಿತು. ಮಾಮೂಲಿನಂತೆ ಹುಳದ ಮನೆ ತೊಳೆದು, ಬ್ಲೀಚಿಂಗ್ ಪುಡಿ ಹೊಡೆದು, ಸುಣ್ಣ ಹಾಕಿದೆ. ಹೊಸ ಮರಿಹುಳ ನಾಡಿದ್ದು ಬರಬೇಕಿತ್ತು. ನಾನು ಬೇಡ ಎಂದು ಹೇಳಿ ಕಳಿಸಿದೆ. ಈ ಸಲದ ಬೆಳೆ ಬಿಟ್ಟೆ.

ನಿನ್ನ ಭಾವ ಹೌಹಾರಿದರು. ವರ್ಷದಲ್ಲೇ ಒಳ್ಳೆಯ ಬೆಳೆ ಬರುವ ಚಳಿಗಾಲ, ತೋಟದಲ್ಲಿ ಸೊಪ್ಪು ತಲೆಯೆತ್ತರ ನಿಂತಿದೆ. ಈ ಸಲ ಗೌರಿಗೆ ಹೇಳಲಿಲ್ಲ, ನನ್ನನ್ನೇ ಕೇಳಿದರು. ನಾನೂ ನೇರವಾಗಿ ಹೇಳಿದೆ: "ಆಣೆ ಇಟ್ಟಿದ್ದು ಹುಳದ ಮೇಲೆ. ಹುಳಾನೇ ಇಲ್ದಿದ್ಮೇಲೆ ಆಣೆ ಯಾರಿಗ್ ತಗುಲ್ತದೆ?" ಅವರು, ಸೊಪ್ಪನ್ನು ಬಯ್ಯಪ್ಪನಿಗೆ ಕೊಟ್ಟರಾಯಿತು ಎಂದರು.

ಏಳನೇ ತಾರೀಕು ಬರುತ್ತೇನೆ. ಬಾಗಿಲು ಹಸಿರಿನದು ಎಂದು ಗೊತ್ತು, ದಾರಿ ಫೋನು ತೋರಿಸುತ್ತದೆ.

ನಿನ್ನ
ಅಕ್ಕ


ಜಂಗಮಕೋಟೆ
30-11-2025

ಅನಸೂ,

ಇನ್ನು ಓದಬಹುದು ಎಂದು ಡಾಕ್ಟರು ಹೇಳಿದರಂತೆ. ಹೊಸ ಕಣ್ಣಲ್ಲಿ ನೀನು ಮೊದಲು ಓದುವುದು ಇದೇ ಇರಲಿ ಎಂದು ಬರೆಯುತ್ತಿದ್ದೇನೆ. ಇದರಲ್ಲಿ ಅರ್ಧ ನನ್ನದಲ್ಲ, ಫೋನು ಬರೆದದ್ದು.

ನಾವು ಬಂದ ದಿನ ನೀನು ಕಪ್ಪು ಕನ್ನಡಕ ಹಾಕಿಕೊಂಡು ಮಂಚದಲ್ಲಿ ಕೂತಿದ್ದೆ. ದಾರಿಯುದ್ದಕ್ಕೂ ಗಾಡಿಯಲ್ಲಿ ನಿನ್ನ ಭಾವ, ಬಲಕ್ಕೆ ತಿರುಗಿ ಎಡಕ್ಕೆ ತಿರುಗಿ ಎನ್ನುವ ಫೋನಿನ ಹೆಂಗಸಿಗೆ "ಅಟ್ಲೇನಮ್ಮಾ", ಹಾಗೇ ಆಗಲಮ್ಮಾ ಎಂದು ತೆಲುಗಿನಲ್ಲಿ ಮರ್ಯಾದೆ ಕೊಟ್ಟುಕೊಂಡು ಬಂದರು. ನಾನು ಮಂಚೇನಹಳ್ಳಿ ದಾಟುವವರೆಗೂ ನಿನಗೆ ಏನೇನು ಹೇಳಬೇಕು ಎಂದು ಜೋಡಿಸಿಕೊಂಡಿದ್ದೆ. ನಿನ್ನ ಪಕ್ಕ ಕೂತ ಮೇಲೆ ಬಾಯಿ ಬರಲಿಲ್ಲ. ಆಣೆ ಬಿಟ್ಟಿತ್ತು, ನಾಚಿಕೆ ಬಿಡಲಿಲ್ಲ. ಹರಿತಾ ಎರಡು ಸಲ ಕಾಫಿ ತಂದಳು.

ಕೊನೆಗೆ ಫೋನು ತೆಗೆದು ಮೈಕು ಒತ್ತಿ, ಅದನ್ನೇ ನಮ್ಮ ಗೌರಿ ಎಂದುಕೊಂಡು ಹೇಳತೊಡಗಿದೆ. ಮಾತು ಮುಗಿದ ಮೇಲೂ ಅದನ್ನು ಆರಿಸಲು ಮರೆತಿದ್ದೆ. ಯಾರು ಅಂದದ್ದು ಎಂದು ಬಿಡಿಸದೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಬರೆದುಕೊಂಡಿದೆ. ನಾನೇ ಸಾಲು ಬಿಡಿಸಿ ಇಲ್ಲಿ ಇಳಿಸಿದ್ದೇನೆ.

ನಾನು: ಗೌರೀ, ನಿನ್ ಪಕ್ಕದಲ್ ಕೂತವಳನ್ನ ಕೇಳಮ್ಮ, ಕಣ್ಣು ನೋಯ್ತದಾ ಅಂತ.

ನೀನು: ಗೌರೀ, ನೋಯ್ತಿಲ್ಲ ಅಂತ ಹೇಳಮ್ಮ. ನೀರು ಬರ್ತದೆ ಅಷ್ಟೇ.

ನಾನು: ಅಳಬಾರ್ದು ಅಂತ ಡಾಕ್ಟ್ರು ಹೇಳವ್ರೆ ಅಂತ ಹೇಳು.

ನೀನು: ಅಳ್ತಿಲ್ಲ ಅಂತ ಹೇಳು. ಅಕ್ಕಾ, ಹಸುಗೆ ಸಾಕು. ನಂಗೇ ಹೇಳೇ.

ಇಲ್ಲಿ ನಾನು ಫೋನು ಮಂಚದ ಮೇಲಿಟ್ಟು ನಿನ್ನ ಕಡೆ ತಿರುಗಿದೆ.

ನಾನು: ಅನಸೂ. ಅನಸೂ, ನನ್ ಮುಖದ್ ಮೇಲೆ ಸೊಳ್ಳೆ ಕೂರಬಾರ್ದು ಅಂತ ಹಚ್ಚಿದ್ದಲ್ಲೇ ನೀನು. ನಾನು ಮೂರ್ ವರ್ಷ ನಿನ್ನ ಮುಖಾನೇ ನೋಡ್ಲಿಲ್ಲ. ತಪ್ಪಾಯ್ತು ಕಣೇ.

ನೀನು: ನಿನ್ ದನಿ ಹಂಗೇ ಐತೆ ಅಕ್ಕ.

ಆಮೇಲೆ ಮೂರು ಪುಟ ಇದೆ. ಅದರಲ್ಲಿ ಹೆಚ್ಚಿನದು ನಿನ್ನ ಬಾಗಿಲಿನ ಬಣ್ಣದ ಜಗಳ. ಅದನ್ನು ಇಳಿಸಲಿಲ್ಲ, ಕೈ ನೋಯುತ್ತದೆ.

ನಾಳೆ ಬೆಳಿಗ್ಗೆ ಹೊಸ ಮರಿಹುಳ ಬರುತ್ತವೆ. ನಿನ್ನ ಭಾವ ಎರಡು ದಿನದಿಂದ ನನ್ನ ಮುಖ ನೋಡುತ್ತಾ ತಿರುಗಿ, ಇವತ್ತು ಕೇಳಿಯೇಬಿಟ್ಟರು, ಹುಳ ಬಂದ ಮೇಲೆ ಮತ್ತೆ ಕಾಗದವೇನಾ ಎಂದು. ನಾನು ಯೋಚಿಸಿದ್ದೇನೆ. ಆಣೆ ಇಟ್ಟಾಗ ಆ ಬಾಗಿಲು ಹಿಡಿದು ಇಟ್ಟೆ, ತೆಗೆಯುವುದೂ ಅಲ್ಲಿಂದಲೇ. ನಾಳೆ ತಟ್ಟೆಗಳನ್ನು ಒಳಗೆ ಇಳಿಸಿದ ಮೇಲೆ, ಅದೇ ಬಾಗಿಲು ಹಿಡಿದು ಅವಕ್ಕೇ ಹೇಳುತ್ತೇನೆ: "ಆವತ್ತು ತಿಳೀದೆ ಅಂದಿದ್ದೆ, ಮನಸ್ಸಿಗೆ ಹಚ್ಕೋಬೇಡಿ. ನನ್ ತಂಗಿ ಫೋನ್ ಮಾಡ್ತಾಳೆ, ನಾನ್ ಮಾತಾಡ್ತೀನಿ. ನೀವ್ ನಿಮ್ ಪಾಡಿಗೆ ಸೊಪ್ಪು ತಿನ್ಕೊಂಡಿರಿ."

ಹತ್ತು ಗಂಟೆಗೆ ಮಾಡು. ಅಷ್ಟರಲ್ಲಿ ಸೊಪ್ಪು ಹಾಕಿ ಮುಗಿದಿರುತ್ತದೆ.

ನಿನ್ನ
ಅಕ್ಕ